ಎಲ್ಲರೂ ಹೊಗಳಿದ, ಯಾರೂ ಓದದ ತೀರ್ಪು

ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 23ರಂದು ಕೊಟ್ಟ ಒಂದು ತೀರ್ಪಿಗೆ ನಮ್ಮಲ್ಲಿ ದೊಡ್ಡ ಹೆಸರಿದೆ. ಹೆಂಡತಿಯ ಮೇಲೆ ಅತ್ಯಾಚಾರ ಎಸಗಿದ ಆರೋಪ ಹೊತ್ತ ಗಂಡ, ಆ ದೋಷಾರೋಪವನ್ನು ರದ್ದುಪಡಿಸಬೇಕೆಂದು ಕೇಳಿ ಬಂದಿದ್ದ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಏಕಸದಸ್ಯ ಪೀಠ ಒಪ್ಪಲಿಲ್ಲ. ಗಂಡಸು ಗಂಡಸೇ, ಕೃತ್ಯ ಕೃತ್ಯವೇ, ಅತ್ಯಾಚಾರ ಅತ್ಯಾಚಾರವೇ. ಮಾಡಿದವನು ಗಂಡನೆಂಬ ಮಾತ್ರಕ್ಕೆ ಅದು ಬೇರೆಯಾಗದು ಎಂಬ ಅರ್ಥದ ಸಾಲು ದೇಶದ ಪತ್ರಿಕೆಗಳಲ್ಲೆಲ್ಲ ತಲೆಬರಹವಾಯಿತು. ವೈವಾಹಿಕ ಅತ್ಯಾಚಾರದ ಬಗ್ಗೆ ಇಂದು ಯಾರು ಭಾಷಣ ಮಾಡಿದರೂ ಆ ಸಾಲಿನಿಂದ ಶುರುಮಾಡಿ ಆ ಸಾಲಿನಲ್ಲೇ ಮುಗಿಸುವುದು ವಾಡಿಕೆಯಾಗಿದೆ.

ನನ್ನ ತಕರಾರು ಇಲ್ಲಿಂದಲೇ ಶುರು. ಆ ಸಾಲು ಬಲ್ಲವರು ಬಹಳ. ಅದರ ಹಿಂದುಮುಂದಿನ ಪ್ಯಾರಾಗಳನ್ನು ಓದಿದವರು ಕಡಿಮೆ. ಓದಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಒಂದು, ಗಂಡನಿಗೆ ರಕ್ಷಣೆ ಕೊಡುವ ವಿನಾಯಿತಿಯನ್ನು ಈ ತೀರ್ಪು ಎಲ್ಲೂ ಕಿತ್ತುಹಾಕುವುದಿಲ್ಲ. ಎರಡು, ಮತ್ತು ಇದೇ ಹೆಚ್ಚು ಕೆಟ್ಟದ್ದು, ಹೆಣ್ಣಿನ ಸಮ್ಮತಿ ಇತ್ತೇ ಎಂಬ ಪ್ರಶ್ನೆಯನ್ನು ಅದು ಗಂಡ ಎಷ್ಟು ಕ್ರೂರಿಯಾಗಿದ್ದ ಎಂಬ ಪ್ರಶ್ನೆಯಾಗಿ ಬದಲಿಸುತ್ತದೆ. ಅತ್ಯಾಚಾರದ ಕಾನೂನಿನಿಂದ ನಲವತ್ತು ವರ್ಷ ಹೆಣಗಿ ಹೊರಗಟ್ಟಿದ ಅತಿಥಿಯನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದು ಕೂರಿಸುತ್ತದೆ.

ವಿನಾಯಿತಿಯ ಪೂರ್ವಕಥೆಯನ್ನು ಇಲ್ಲಿ ಬೆಳೆಸಬೇಕಿಲ್ಲ. ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿಟ್ಟು, ಅವನು ಸತ್ತ ಮೇಲೆ 1736ರಲ್ಲಿ ಅಚ್ಚಾದ ಮಾತು. ಮೆಕಾಲೆಯ 1837ರ ಕರಡು. 1860ರ ದಂಡ ಸಂಹಿತೆ. ಹೆಂಡತಿಯ ವಯಸ್ಸಿನ ಮಿತಿ ಹತ್ತರಿಂದ 1891ರಲ್ಲಿ ಹನ್ನೆರಡಕ್ಕೆ, 1949ರಲ್ಲಿ ಹದಿನೈದಕ್ಕೆ, 2017ರಲ್ಲಿ ಸುಪ್ರೀಂ ಕೋರ್ಟಿನ ಮಾತಿನ ಮೇಲೆ ಹದಿನೆಂಟಕ್ಕೆ ಏರಿದ್ದು, ಇದೆಲ್ಲ ಈ ವಿಷಯದಲ್ಲಿ ಆಸಕ್ತಿ ಇರುವವರಿಗೆ ಗೊತ್ತೇ ಇದೆ. ಒಟ್ಟು ತಾತ್ಪರ್ಯ: ಹದಿನೆಂಟು ತುಂಬಿದ ಹೆಂಡತಿಯೊಡನೆ ಗಂಡ ನಡೆಸುವ ಲೈಂಗಿಕ ಕ್ರಿಯೆ, ಅವಳಿಗೆ ಒಪ್ಪಿಗೆ ಇಲ್ಲದಿದ್ದರೂ, ಅತ್ಯಾಚಾರವಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ನಮ್ಮ ಗಾದೆ ಎಲ್ಲಿ ಬಾಯಿ ಮುಚ್ಚುತ್ತದೋ, ದಂಡ ಸಂಹಿತೆಯೂ ಅಲ್ಲೇ ಬಾಯಿ ಮುಚ್ಚುತ್ತದೆ. ಮಲಗಿದ ಮೇಲೆ ನಡೆಯುವುದನ್ನು ಇಬ್ಬರೂ ಕೇಳುವುದಿಲ್ಲ.

ಈಗ ತೀರ್ಪಿನ ಒಳಕ್ಕೆ ಬರೋಣ. ನವ್ಯದ ಕಾಲದಿಂದ ನಾವು ಕವಿತೆಯನ್ನು ಸಾಲುಸಾಲಾಗಿ ಬಿಡಿಸಿ ಓದುವುದನ್ನು ಕಲಿತೆವು. ತೀರ್ಪನ್ನು ಹಾಗೆ ಓದುವ ಅಭ್ಯಾಸ ಮಾತ್ರ ನಮಗಿನ್ನೂ ಬಂದಿಲ್ಲ. ತೀರ್ಪೆಂದರೆ ಕೊನೆಯ ಪುಟದ ಆದೇಶ, ಮಿಕ್ಕದ್ದು ವಕೀಲರ ಪಾಡು ಎಂದುಕೊಂಡಿದ್ದೇವೆ. ಆದರೆ ಮುಂದಿನ ನ್ಯಾಯಾಧೀಶ ಕೈಯಲ್ಲಿ ಹಿಡಿಯುವುದು ಆದೇಶವನ್ನಲ್ಲ, ಅದಕ್ಕೆ ಕೊಟ್ಟ ಕಾರಣವನ್ನು. ಈ ತೀರ್ಪಿನಲ್ಲಿ ಕಾರಣ ಎಲ್ಲಿದೆ?

ಹೆಸರಾದ ಆ ಸಾಲನ್ನೇ ಮೊದಲು ನೋಡಿ. ಅದು ಮೂರು ಸಲ ಒಂದೇ ಪೆಟ್ಟು ಕೊಡುತ್ತದೆ: ಗಂಡಸು, ಕೃತ್ಯ, ಅತ್ಯಾಚಾರ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಈ ಮೂರರಲ್ಲಿ ಯಾವುದರ ಬಗ್ಗೆಯೂ ಎದುರು ಪಕ್ಷದವರಿಗೆ ತಕರಾರಿರಲಿಲ್ಲ. ಗಂಡಸು ಗಂಡಸಲ್ಲ ಎಂದು ಯಾವ ವಕೀಲನೂ ವಾದಿಸುವುದಿಲ್ಲ. ಇದ್ದ ಪ್ರಶ್ನೆ ಒಂದೇ: ಶಾಸನ ತನ್ನ ಕೈಯಾರೆ ಬರೆದಿಟ್ಟ ವಿನಾಯಿತಿ ಸಂವಿಧಾನದ ಎದುರು ನಿಲ್ಲುತ್ತದೆಯೇ, ಇಲ್ಲವೇ? ನಿಂತರೆ ದೋಷಾರೋಪ ಬೀಳುತ್ತದೆ, ನಿಲ್ಲದಿದ್ದರೆ ಉಳಿಯುತ್ತದೆ. ಮೂರು ಸಲ ಹೇಳಿದ್ದನ್ನೇ ಹೇಳುವ ಸಾಲು ಈ ಪ್ರಶ್ನೆಯ ಪಕ್ಕದಲ್ಲಿ ಹಾದುಹೋಗುತ್ತದೆಯೇ ಹೊರತು ಅದಕ್ಕೆ ಉತ್ತರ ಕೊಡುವುದಿಲ್ಲ.

ಉತ್ತರದ ಹತ್ತಿರ ತೀರ್ಪು ಬರುವುದೇ ಇಲ್ಲ ಎಂದರೆ ಅನ್ಯಾಯವಾದೀತು. ಸಮಾನತೆಯ ಮಾತು ಅಲ್ಲಿ ಧಾರಾಳವಾಗಿದೆ. ಸಂವಿಧಾನ ಹೆಣ್ಣುಗಂಡನ್ನು ಸಮಾನವಾಗಿ ಕಾಣುತ್ತದೆ. ಬೇರೆ ಯಾವ ಗಂಡಸು ಮಾಡಿದರೂ ಅಪರಾಧವಾಗುವುದು ಗಂಡ ಮಾಡಿದರೆ ಅಪರಾಧವಲ್ಲ ಎಂಬುದು ಹೆಂಡತಿಯನ್ನು ಗಂಡನ ಅಡಿಯಾಳಾಗಿ ಕಾಣುವ ಹಿಮ್ಮುಖ ವಿಚಾರ. ಗಂಡಂದಿರು ಹೆಂಡತಿಯರ ದೇಹಕ್ಕೂ ಮನಸ್ಸಿಗೂ ಒಡೆಯರೆಂಬ ಹಳೆಯ ಎಣಿಕೆ ಅಳಿಯಬೇಕು. ಎಲ್ಲವೂ ಸರಿ. ಇಷ್ಟು ಮೆಟ್ಟಿಲು ಹತ್ತಿದ ಮೇಲೆ ಉಳಿಯುವುದು ಒಂದೇ: ಆದ್ದರಿಂದ ಈ ವಿನಾಯಿತಿ ಅಸಿಂಧು ಎಂದು ಹೇಳುವುದು. ತೀರ್ಪು ಅಲ್ಲಿ ನಿಂತುಬಿಡುತ್ತದೆ. ವೈವಾಹಿಕ ಅತ್ಯಾಚಾರವನ್ನು ಅಪರಾಧವೆಂದು ಗುರುತಿಸಬೇಕೇ, ವಿನಾಯಿತಿಯನ್ನು ತೆಗೆಯಬೇಕೇ ಎಂಬ ಬಗ್ಗೆ ತಾನು ಏನೂ ಹೇಳುತ್ತಿಲ್ಲ, ಅದು ಶಾಸಕಾಂಗದ ಕೆಲಸ, ತನ್ನ ಮುಂದಿರುವುದು ಈ ಗಂಡನ ಮೇಲಿನ ದೋಷಾರೋಪವಷ್ಟೇ ಎನ್ನುತ್ತದೆ. ಶಾಸಕರು ಮೌನದ ದನಿಗಳನ್ನು ಕೇಳಿಸಿಕೊಳ್ಳಬೇಕೆಂದು ಕೋರುತ್ತದೆ.

ಇಲ್ಲಿ ತಡೆದು ಕೇಳಬೇಕು. ವಿನಾಯಿತಿಯನ್ನು ತೆಗೆಯುವುದು ಶಾಸಕಾಂಗದ ಕೆಲಸವಾದರೆ, ಅವರು ತೆಗೆಯುವವರೆಗೆ ಅದು ಜಾರಿಯಲ್ಲಿರುತ್ತದೆ. ಜಾರಿಯಲ್ಲಿದ್ದರೆ ಗಂಡನ ಮೇಲೆ ಅತ್ಯಾಚಾರದ ದೋಷಾರೋಪ ನಿಲ್ಲದು. ದೋಷಾರೋಪ ನಿಲ್ಲಬೇಕಾದರೆ ವಿನಾಯಿತಿ ಬೀಳಬೇಕು. ಇವೆರಡರ ನಡುವೆ ಮೂರನೆಯ ದಾರಿ ಇಲ್ಲ. ತೀರ್ಪು ಮೂರನೆಯ ದಾರಿಯೊಂದನ್ನು ಹೊಸೆಯುತ್ತದೆ: ಈ ಪ್ರಕರಣದ ವಿಶಿಷ್ಟ ಸಂಗತಿಗಳಲ್ಲಿ ವಿನಾಯಿತಿ ಪರಿಪೂರ್ಣವಾಗಿರಲಾರದು, ಸಮಾಜದ ಮೇಲೆ ಅಪರಾಧ ಎಸಗುವ ಪರವಾನಗಿಯಾಗುವಷ್ಟು ಪರಿಪೂರ್ಣ ವಿನಾಯಿತಿ ಕಾನೂನಿನಲ್ಲಿ ಯಾವುದೂ ಇಲ್ಲ.

ಇಡೀ ತೀರ್ಪಿನ ಭಾರವೆಲ್ಲ ಹೊತ್ತಿರುವುದು ಈ ವಾಕ್ಯ. ಹೊಗಳುವವರ ಬಾಯಲ್ಲಿ ಇದು ಬರುವುದೇ ಇಲ್ಲ. ‘ಈ ಪ್ರಕರಣದ ವಿಶಿಷ್ಟ ಸಂಗತಿಗಳಲ್ಲಿ’ ಎಂದರೆ ಏನರ್ಥ? ಯಾವ ಸಂಗತಿ ಈ ಪ್ರಕರಣವನ್ನು ವಿಶಿಷ್ಟ ಮಾಡಿತು? ಒಪ್ಪಿಗೆ ಇಲ್ಲದ್ದು ವಿಶಿಷ್ಟವಲ್ಲ. ಇಂಥ ಪ್ರತಿಯೊಂದು ದೂರಿನ ತಿರುಳೂ ಅದೇ. ಮದುವೆಯಾಗಿದ್ದೂ ವಿಶಿಷ್ಟವಲ್ಲ. ಮಿಕ್ಕಿದ್ದು ದೂರಿನಲ್ಲಿ ಹೇಳಿದ ಹಿಂಸೆಯ ತೀವ್ರತೆ ಮಾತ್ರ. ತೀರ್ಪಿನ ಶಬ್ದಗಳೂ ಅದನ್ನೇ ಹೇಳುತ್ತವೆ. ಹೆಂಡತಿಯ ಸಮ್ಮತಿಗೆ ವಿರುದ್ಧವಾದ ‘ಪಾಶವೀ’ ಲೈಂಗಿಕ ಹಲ್ಲೆಯನ್ನು ಅತ್ಯಾಚಾರವೆನ್ನದೆ ಬೇರೆ ದಾರಿಯಿಲ್ಲ ಎನ್ನುತ್ತದೆ. ಮದುವೆಯೆಂಬುದು ಕ್ರೂರ ಮೃಗವೊಂದನ್ನು ಛೂ ಬಿಡುವ ಪರವಾನಗಿಯಲ್ಲ ಎನ್ನುತ್ತದೆ. ಪರವಾನಗಿ, ಮೃಗ, ಪಾಶವೀ. ವಿನಾಯಿತಿ ಸಡಿಲವಾಗುವುದು ಗಂಡ ಮೃಗವಾದಾಗ. ಹಾಗಾದರೆ ಗಂಡ ಮೃಗವಾಗದೆ, ಸದ್ದಿಲ್ಲದೆ, ಗಾಯವಿಲ್ಲದೆ, ಹೆಂಡತಿ ಬೇಡವೆಂದದ್ದನ್ನು ಕಿವಿಗೆ ಹಾಕಿಕೊಳ್ಳದೆ ತನ್ನ ಕೆಲಸ ಮುಗಿಸಿ ಮಗ್ಗುಲಾದರೆ? ಅವನಿಗೆ ವಿನಾಯಿತಿ ಪರಿಪೂರ್ಣವೇ? ತೀರ್ಪು ಉತ್ತರ ಕೊಡುವುದಿಲ್ಲ. ಅದರ ತರ್ಕವನ್ನೇ ಹಿಡಿದು ಹೋದರೆ ಉತ್ತರ ‘ಹೌದು’ ಎಂದಾಗುತ್ತದೆ.

ಬೇಡವೆಂದದ್ದನ್ನು ಲೆಕ್ಕಿಸದ ಗಂಡಂದಿರಲ್ಲಿ ಮೃಗಗಳು ಎಷ್ಟು ಮಂದಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಲೈಂಗಿಕ ಹಿಂಸೆ ಅನುಭವಿಸಿದ್ದೇವೆಂದ ವಿವಾಹಿತ ಮಹಿಳೆಯರಲ್ಲಿ ಐವರಿಗೆ ನಾಲ್ವರಿಗಿಂತ ಹೆಚ್ಚು ಮಂದಿ ಬೊಟ್ಟು ಮಾಡಿದ್ದು ಈಗಿನ ಗಂಡನ ಕಡೆಗೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡ ವಿವಾಹಿತ ಮಹಿಳೆಯರು ಶೇ. 44ರಷ್ಟು. ಇಷ್ಟೊಂದು ಮನೆಗಳಲ್ಲಿ ಇರುವವರು ಮೃಗಗಳಲ್ಲ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುವ ಗಂಡಸರು. ಮೃಗವನ್ನು ಶಿಕ್ಷಿಸುವ ಕಾನೂನು ಇವರನ್ನು ಮುಟ್ಟುವುದಿಲ್ಲ. ಮೃಗದ ಮಾತು ಓದುಗನಿಗೂ ಹಿತವಾಗುತ್ತದೆ, ಅವನಿಗೆ ಅದರಲ್ಲಿ ತನ್ನ ಮುಖ ಕಾಣುವುದಿಲ್ಲವಲ್ಲ.

ಹಿಂಸೆಯ ಗುರುತಿನಿಂದ ಸಮ್ಮತಿಯನ್ನು ಅಳೆಯುವ ಚಾಳಿ ಈ ದೇಶದ ನ್ಯಾಯಾಲಯಗಳಿಗೆ ಹೊಸದಲ್ಲ. 1972ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಎಸಗಿದರೆನ್ನಲಾದ ಅತ್ಯಾಚಾರದ ಮೊಕದ್ದಮೆಯನ್ನು ಲೋಕ ಇಂದಿಗೂ ಅವಳ ಹೆಸರಿನಿಂದಲೇ ಕರೆಯುತ್ತದೆ, ನಾನು ಕರೆಯುವುದಿಲ್ಲ. ಭಯದಿಂದ ಸುಮ್ಮನಾಗುವುದು ಬೇರೆ, ಸಮ್ಮತಿಸುವುದು ಬೇರೆ ಎಂದು ಬಾಂಬೆ ಹೈಕೋರ್ಟ್ ವಿವೇಚಿಸಿತ್ತು. 1978ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮೈಮೇಲೆ ಗಾಯವಿಲ್ಲ, ಪ್ರತಿರೋಧದ ಗುರುತಿಲ್ಲ, ಆದ್ದರಿಂದ ಬಲವಂತವಿಲ್ಲ ಎಂದಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬರೆದ ಬಹಿರಂಗ ಪತ್ರ ಇಡೀ ಚಳವಳಿಯ ಬೀಜವಾಯಿತು. 1983ರ ತಿದ್ದುಪಡಿ, ಆಮೇಲೆ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆ, 2013ರ ಜನವರಿಯಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ, ಅದೇ ವರ್ಷದ ತಿದ್ದುಪಡಿ. ಅದರ ಫಲವೇ ದಂಡ ಸಂಹಿತೆಯಲ್ಲಿ ಅತ್ಯಾಚಾರವನ್ನು ವ್ಯಾಖ್ಯಾನಿಸುವ 375ನೇ ಕಲಮಿಗೆ ಸೇರಿದ ಎರಡನೆಯ ವಿವರಣೆ: ಸಮ್ಮತಿಯೆಂದರೆ ಆ ನಿರ್ದಿಷ್ಟ ಕ್ರಿಯೆಗೆ ಹೆಣ್ಣು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಿದ, ಅನುಮಾನಕ್ಕೆ ಎಡೆಯಿಲ್ಲದ, ಸ್ವಇಚ್ಛೆಯ ಒಪ್ಪಿಗೆ, ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ಎಣಿಸುವಂತಿಲ್ಲ.

ಇದೇ ಕಲಮಿನಲ್ಲಿ, ಕೆಲವೇ ಸಾಲುಗಳ ಕೆಳಗೆ, ಗಂಡನ ವಿನಾಯಿತಿ ಕೂತಿದೆ. ಮೇಲಿನ ಸಾಲು ಒಪ್ಪಿಗೆಯನ್ನು ಕ್ರಿಯೆ ಕ್ರಿಯೆಗೂ ಬೇರೆಯಾಗಿ ಕೇಳಬೇಕೆನ್ನುತ್ತದೆ. ಕೆಳಗಿನದು ತಾಳಿ ಕಟ್ಟಿದ ದಿನವೇ ಎಲ್ಲ ಕ್ರಿಯೆಗಳಿಗೂ ಒಂದೇ ಸಲ ಒಪ್ಪಿಗೆ ಸಿಕ್ಕಿತೆನ್ನುತ್ತದೆ. ಒಂದೇ ಕಲಮಿನ ಎರಡು ಸಾಲುಗಳು ಹೀಗೆ ಒಂದನ್ನೊಂದು ಅಲ್ಲಗಳೆಯುವುದು ಅಪರೂಪ. ನಾಗಪ್ರಸನ್ನ ಅವರ ತೀರ್ಪಿಗೆ ಇದಕ್ಕಿಂತ ಗಟ್ಟಿಯಾದ ನೆಲ ಬೇಕಿರಲಿಲ್ಲ. ಆದರೂ ಅದರ ವಾದ ಈ ಘರ್ಷಣೆಯ ಮೇಲೆ ನಿಂತಿಲ್ಲ; ಸಮಾನತೆಯ ಘೋಷಣೆ ಮತ್ತು ಮೃಗದ ಚಿತ್ರದ ಮೇಲೆ ನಿಂತಿದೆ.

ಚಿತ್ರದ ಮೇಲೆ ನಿಲ್ಲುವ ತೀರ್ಪು ಎಷ್ಟು ಅಪಾಯಕಾರಿ ಎಂಬುದಕ್ಕೆ ಅದೇ ಹೈಕೋರ್ಟಿನ ಇನ್ನೊಂದು ಆದೇಶ ಸಾಕ್ಷಿ. 2020ರ ಜೂನ್‌ನಲ್ಲಿ ನಿರೀಕ್ಷಣಾ ಜಾಮೀನು ಕೊಡುತ್ತಾ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಘಟನೆಯ ನಂತರ ದಣಿದು ನಿದ್ದೆ ಹೋದೆನೆಂಬ ದೂರುದಾರಳ ಹೇಳಿಕೆ ಭಾರತೀಯ ನಾರಿಗೆ ತಕ್ಕದ್ದಲ್ಲ, ನಮ್ಮ ಹೆಂಗಸರು ಹಾಗೆ ನಡೆದುಕೊಳ್ಳುವುದಿಲ್ಲ ಎಂಬ ಅರ್ಥದ ಮಾತು ಬರೆದರು. ಗದ್ದಲವಾಗಿ, ಕೆಲವೇ ದಿನಗಳಲ್ಲಿ ಆ ಮಾತನ್ನು ಆದೇಶದಿಂದ ತೆಗೆಯಲಾಯಿತು. ಎರಡು ವರ್ಷವೂ ಕಳೆಯದೆ ಬಂದ ಈ ತೀರ್ಪು ಅದಕ್ಕೆ ಪೂರ್ತಿ ವಿರುದ್ಧ ಎಂದು ನಾವು ಸಂಭ್ರಮಿಸಿದೆವು. ಒಲವು ವಿರುದ್ಧವೇ, ಆದರೆ ವಿಧಾನ ಒಂದೇ. ಅಲ್ಲಿ ಆದರ್ಶ ನಾರಿಯ ಚಿತ್ರ, ಇಲ್ಲಿ ಮೃಗದಂಥ ಗಂಡನ ಚಿತ್ರ. ಅವಳು ಒಪ್ಪಿದಳೇ ಎಂಬ ಒಣ ಪ್ರಶ್ನೆಯನ್ನು ಕೇಳಿ ಅದಕ್ಕೆ ಮಾತ್ರ ಉತ್ತರಿಸುವ ಶಿಸ್ತು ಎರಡರಲ್ಲೂ ಇಲ್ಲ. ಚಿತ್ರ ನಮ್ಮ ಪರವಾಗಿದ್ದಾಗ ಚಪ್ಪಾಳೆ ಹೊಡೆದರೆ, ಅದು ತಿರುಗಿ ಬಂದಾಗ ಆಕ್ಷೇಪಿಸುವ ಹಕ್ಕು ನಮಗಿರುವುದಿಲ್ಲ.

2013ರಲ್ಲೇ ಸಮ್ಮತಿಯ ಲೆಕ್ಕ ಚುಕ್ತಾ ಆಯಿತು, ಇನ್ನು ಚಿಂತೆಯಿಲ್ಲ ಎನ್ನುವವರಿಗೂ ಒಂದು ಮಾತು. 2017ರಲ್ಲಿ ದೆಹಲಿ ಹೈಕೋರ್ಟ್ ಒಂದು ಖುಲಾಸೆಯ ತೀರ್ಪಿನಲ್ಲಿ, ಪರಿಚಿತರ ನಡುವಿನ ಆವೇಗದ ಹೊತ್ತಿನಲ್ಲಿ ದುರ್ಬಲವಾದ ‘ಬೇಡ’ಕ್ಕೆ ‘ಬೇಕು’ ಎಂಬ ಅರ್ಥವೂ ಇರಬಹುದೆಂಬ ಧಾಟಿಯಲ್ಲಿ ಬರೆಯಿತು. ಖುಲಾಸೆ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು. ಆರೋಪಿಯ ಮಟ್ಟಿಗೆ ಆ ಮೊಕದ್ದಮೆ ಮುಗಿದಿದೆ, ಅದನ್ನು ಕೆದಕುವುದು ನನ್ನ ಉದ್ದೇಶವಲ್ಲ. ಆದರೆ ವಿವರಣೆ ಕಾಗದದ ಮೇಲೆ ಎಷ್ಟೇ ಸ್ಪಷ್ಟವಾಗಿರಲಿ, ‘ಬೇಡ’ದ ಗಟ್ಟಿತನ ಎಷ್ಟು ಎಂದು ತೂಗುವ ಚಟ ಹೋಗಿಲ್ಲ ಎಂಬುದಂತೂ ಖರೆ. ಇಂಥ ಹೊತ್ತಿನಲ್ಲಿ ಕ್ರೌರ್ಯದ ತೂಕವನ್ನೂ ತಕ್ಕಡಿಗೆ ಸೇರಿಸುವ ತೀರ್ಪು ಯಾರಿಗೆ ನೆರವಾದೀತು?

ತೀರ್ಪಿನ ಪರವಾಗಿ ಹೇಳಬೇಕಾದ್ದೂ ಇದೆ. ಹೈಕೋರ್ಟೊಂದು ಇಷ್ಟು ನೇರವಾದ ಭಾಷೆಯಲ್ಲಿ ವಿನಾಯಿತಿಯನ್ನು ಖಂಡಿಸಿದ್ದು ಸಣ್ಣ ಮಾತಲ್ಲ. ಅದರ ದೆಸೆಯಿಂದ ಆಗಿನ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ತೀರ್ಪನ್ನು ಸಮರ್ಥಿಸಿ ಪ್ರಮಾಣಪತ್ರ ಸಲ್ಲಿಸಿತು. ಇಷ್ಟಕ್ಕೆ ಗೌರವ ಸಲ್ಲಬೇಕು. ಆದರೆ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ವಿಚಾರಣೆ ಅಲ್ಲೇ ನಿಂತಿತು. ಸಾಲು ದೇಶ ಸುತ್ತಿತು. ದೂರು ಕೊಟ್ಟ ಹೆಂಗಸಿಗೆ ಅದರಿಂದ ಏನೂ ದಕ್ಕಲಿಲ್ಲ.

ಇದನ್ನು ಹೇಳಿದರೆ ಮಿತ್ರರು ಎರಡು ಬಗೆಯಲ್ಲಿ ಸಿಟ್ಟಾಗುತ್ತಾರೆ. ಕಾನೂನು ಬಲ್ಲವರು ಹೇಳುವುದು: ದೋಷಾರೋಪದ ಹಂತದಲ್ಲಿ ವಿನಾಯಿತಿಯ ವಿಚಾರ ಬರುವುದಿಲ್ಲ, ಆಗಿನ ಸಾಕ್ಷ್ಯ ಅಧಿನಿಯಮದ 105ನೇ ಕಲಮಿನಂತೆ ವಿನಾಯಿತಿಯನ್ನು ರುಜುವಾತು ಮಾಡುವ ಹೊಣೆ ಆರೋಪಿಯದು, ವಿಚಾರಣೆ ನಡೆಯಲಿ, ಅವನು ರುಜುವಾತು ಮಾಡಲಿ. ಜಾಣ ವಾದ. ಆದರೆ ರುಜುವಾತಿಗೆ ಏನು ಉಳಿದಿದೆ? ಇಬ್ಬರೂ ಗಂಡಹೆಂಡಿರೆಂದು ಇಬ್ಬರೂ ಒಪ್ಪುತ್ತಾರೆ, ದೂರೇ ಹಾಗೆ ಹೇಳುತ್ತದೆ. ಇನ್ನೂ ದೊಡ್ಡ ತೊಡಕು ಸಂವಿಧಾನದ 20(1)ನೇ ವಿಧಿ: ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನನ್ನು ಮೀರಿದ್ದಕ್ಕಲ್ಲದೆ ಯಾರನ್ನೂ ಶಿಕ್ಷಿಸುವಂತಿಲ್ಲ. ದೂರು 2017ರದು, ವಿನಾಯಿತಿ ಆಗ ಜಾರಿಯಲ್ಲಿತ್ತು. ಈ ಪ್ರಶ್ನೆಗೆ ತೃಪ್ತಿಕರ ಉತ್ತರವನ್ನು ತೀರ್ಪು ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ 1991ರಲ್ಲಿ ಹೌಸ್ ಆಫ್ ಲಾರ್ಡ್ಸ್ ಗಂಡನ ವಿನಾಯಿತಿಯನ್ನು ಅಳಿಸಿಹಾಕಲಿಲ್ಲವೇ ಎಂದು ಕೇಳುತ್ತಾರೆ. ಅಳಿಸಿತು. ಅಲ್ಲಿ ಅದು ನ್ಯಾಯಾಧೀಶರೇ ಕಟ್ಟಿಕೊಂಡು ಬಂದ ನಂಬಿಕೆ, ಅವರೇ ಕೆಡವಿದರು. ಇಲ್ಲಿ ಅದು ಶಾಸನದಲ್ಲಿ ಅಚ್ಚಾದ ವಾಕ್ಯ. ಇಲ್ಲದಂತೆ ನಟಿಸಿದರೆ ಅದು ಹೋಗುವುದಿಲ್ಲ, ಅಸಿಂಧುವೆಂದು ಘೋಷಿಸಿದರೆ ಮಾತ್ರ ಹೋಗುತ್ತದೆ.

ಎರಡನೆಯ ಬಗೆಯ ಮಿತ್ರರು ಚಳವಳಿಯವರು. ಬೀದಿಗೆ ಘೋಷಣೆ ಬೇಕು, ತರ್ಕ ಆಮೇಲೆ ಬರುತ್ತದೆ ಎನ್ನುತ್ತಾರೆ. ಬೀದಿಗೆ ಘೋಷಣೆ ಬೇಕು, ಒಪ್ಪಿದೆ. ಅದನ್ನು ಬೀದಿಯವರು ಬರೆಯಲಿ. ನ್ಯಾಯಾಧೀಶ ಬರೆಯಬೇಕಾದ್ದು ಎದುರಾಳಿ ಎಷ್ಟು ಎಳೆದರೂ ಹರಿಯದ ಕಾರಣವನ್ನು. ಎದುರಾಳಿ ದಡ್ಡನೆಂಬ ಭ್ರಮೆ ನಮ್ಮ ಕಡೆಯವರಲ್ಲಿ ಬಲವಾಗಿದೆ. ಅವನು ದಡ್ಡನಲ್ಲ ಎಂಬುದಕ್ಕೆ ಎರಡು ತಿಂಗಳೊಳಗೆ ದೆಹಲಿಯಿಂದ ಪುರಾವೆ ಬಂತು.

2022ರ ಮೇ 11ರಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಇದೇ ವಿನಾಯಿತಿಯ ಮೇಲೆ ಭಿನ್ನ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ರಾಜೀವ್ ಶಕ್ಧೇರ್ ವಿನಾಯಿತಿ ಅಸಾಂವಿಧಾನಿಕ ಎಂದರು, ನ್ಯಾಯಮೂರ್ತಿ ಸಿ. ಹರಿಶಂಕರ್ ಸಿಂಧು ಎಂದರು. ಹರಿಶಂಕರ್ ಅವರನ್ನು ನಮ್ಮವರು ಬೈದು ಮುಗಿಸಿದರು. ನನಗೆ ಅವರ ತೀರ್ಮಾನ ಪೂರ್ತಿ ತಪ್ಪೆನಿಸುತ್ತದೆ. ಆದರೆ ಅವರು ವಾದ ಮಾಡುತ್ತಾರೆ, ಮತ್ತು ಆ ವಾದಕ್ಕೆ ಬೆಂಗಳೂರಿನ ತೀರ್ಪಿನಲ್ಲಿ ಉತ್ತರವಿಲ್ಲ. ಅವರ ವಾದದ ಸಾರ: ಮದುವೆಯಲ್ಲಿ ಲೈಂಗಿಕ ಸಂಬಂಧದ ನ್ಯಾಯವಾದ ನಿರೀಕ್ಷೆ ಇರುತ್ತದೆ, ಅಪರಿಚಿತನಿಗೆ ಅದಿಲ್ಲ, ಆದ್ದರಿಂದ ಶಾಸಕಾಂಗ ಇಬ್ಬರನ್ನು ಬೇರೆಬೇರೆಯಾಗಿ ಕಂಡರೆ ಸಮಾನತೆಗೆ ಭಂಗವಿಲ್ಲ, ಮತ್ತು ವಿನಾಯಿತಿ ತೆಗೆದರೆ ನ್ಯಾಯಾಲಯ ಹೊಸ ಅಪರಾಧವನ್ನೇ ಸೃಷ್ಟಿಸಿದಂತಾಗುತ್ತದೆ. ಗಂಡಸು ಗಂಡಸೇ ಎಂಬ ಮಾತು ಇದಕ್ಕೆ ಎದುರು ನಿಲ್ಲುವುದಿಲ್ಲ. ಗಂಡಸು ಗಂಡಸೇ, ಆದರೆ ಸಂಬಂಧ ಬೇರೆ ಎಂದು ಅವರು ಹೇಳಿಯಾಗಿದೆ.

ಉತ್ತರ ನಮ್ಮ ಕಾನೂನಿನಲ್ಲೇ ಇದೆ. ನಿರೀಕ್ಷೆ ಇದೆಯೆಂದೇ ಇಟ್ಟುಕೊಳ್ಳೋಣ. ಹಿಂದೂ ವಿವಾಹ ಅಧಿನಿಯಮದ 9ನೇ ಕಲಮು ಆ ನಿರೀಕ್ಷೆಗೆ ಕೋರ್ಟಿನ ಮೊಹರು ಹಾಕುತ್ತದೆ; ಬಿಟ್ಟುಹೋದ ಸಂಗಾತಿ ಮರಳಿ ಬಂದು ಬಾಳಬೇಕೆಂದು ಡಿಕ್ರಿ ಮಾಡಿಕೊಡುತ್ತದೆ. ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿ 1983ರಲ್ಲಿ ಆ ಕಲಮನ್ನೇ ಹೊಡೆದುಹಾಕಿದರು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ನಿಲ್ಲಿಸುವಾಗ ಅದು ಕೊಟ್ಟ ಸಮಾಧಾನ ಗಮನಾರ್ಹ: ಡಿಕ್ರಿಗೆ ತಲೆಬಾಗದವರ ಆಸ್ತಿಯನ್ನು ಜಪ್ತಿ ಮಾಡಬಹುದು, ಅಷ್ಟೇ. ಯಾವ ಅಮೀನನೂ ಹೆಂಡತಿಯನ್ನು ಹಿಡಿದು ತಂದು ಗಂಡನ ಹಾಸಿಗೆಗೆ ಬಿಡುವಂತಿಲ್ಲ. ಅಂದರೆ ದಾಂಪತ್ಯದ ನಿರೀಕ್ಷೆಯನ್ನು ಎತ್ತಿಹಿಡಿದ ಕೋರ್ಟು ಕೂಡ ಅದನ್ನು ದೇಹದ ಮೇಲೆ ಜಾರಿಮಾಡಲು ಒಪ್ಪಲಿಲ್ಲ. ನ್ಯಾಯಾಲಯ ಡಿಕ್ರಿ ಹಿಡಿದೂ ಮಾಡಲಾಗದ್ದನ್ನು ಗಂಡ ಡಿಕ್ರಿಯಿಲ್ಲದೆ, ಕೇವಲ ತನ್ನ ತೋಳಿನ ಬಲದಿಂದ ಮಾಡಬಹುದೆಂದು ವಿನಾಯಿತಿ ಹೇಳುತ್ತದೆ. ನಿರೀಕ್ಷೆಯ ವಾದ ಇಲ್ಲಿಗೆ ಮುರಿಯುತ್ತದೆ. ಇದನ್ನು ಹೇಳಲು ಮೃಗ ಬೇಕಿಲ್ಲ, ಗಾಯ ಬೇಕಿಲ್ಲ, ವಿಶಿಷ್ಟ ಸಂಗತಿಯೂ ಬೇಕಿಲ್ಲ. ಬೆಂಗಳೂರಿನ ತೀರ್ಪು ಬರೆಯಬೇಕಿದ್ದ ಪುಟ ಇದು.

ಮನೆಯೊಳಗಿನದಕ್ಕೆ ಸಾಕ್ಷಿ ಎಲ್ಲಿಂದ, ಕುಟುಂಬ ಒಡೆಯುತ್ತದೆ, ಸುಳ್ಳು ಕೇಸು ಬೀಳುತ್ತವೆ ಎನ್ನುವವರಿಗೂ ಸಂಹಿತೆಯೇ ಉತ್ತರ ಇಟ್ಟಿದೆ. ಬೇರೆ ವಾಸಿಸುತ್ತಿರುವ ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ ಎರಡರಿಂದ ಏಳು ವರ್ಷ ಸಜೆಯೆಂದು ದಂಡ ಸಂಹಿತೆಯ 376ಬಿ ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 67ನೇ ಕಲಮೂ ಅದನ್ನೇ ಹೇಳುತ್ತದೆ. ಅಲ್ಲಿಗೆ ಸಾಕ್ಷಿ ಸಿಗುತ್ತದೆ, ಸೂರು ಒಂದೇ ಆದರೆ ಸಿಗುವುದಿಲ್ಲ ಎನ್ನಲು ಹೇಗೆ ಬರುತ್ತದೆ? ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರ, ಮದುವೆಯಿಂದ ಹೆಂಡತಿಯ ಸಮ್ಮತಿ ಅಳಿಯುವುದಿಲ್ಲವೆಂದು ಒಪ್ಪುತ್ತದೆ. ಅದನ್ನು ಮೀರಿದರೆ ಅತ್ಯಾಚಾರವೆಂದು ಕರೆಯುವುದು ಮಾತ್ರ ಅತಿ ಕಠೋರವಾಗುತ್ತದೆ ಎನ್ನುತ್ತದೆ. ಸಮ್ಮತಿ ಇದೆ, ಅದನ್ನು ಮೀರಿದವನಿಗೆ ಆ ಹೆಸರಿಲ್ಲ. ನೇಪಾಳದ ಸುಪ್ರೀಂ ಕೋರ್ಟ್ 2002ರಲ್ಲೇ ಈ ಅಡ್ಡಗೋಡೆಯನ್ನು ದಾಟಿತು. ಅಲ್ಲಿ ಕುಟುಂಬಗಳು ಇನ್ನೂ ಇವೆ.

ನಮ್ಮ ಹೊಗಳಿಕೆಯ ಗದ್ದಲದಲ್ಲಿ ಅನಾದರಕ್ಕೆ ಒಳಗಾದದ್ದು ಶಕ್ಧೇರ್ ಅವರ ಅಭಿಪ್ರಾಯ. ಅದು ತಲೆಬರಹಕ್ಕೆ ಒದಗುವುದಿಲ್ಲ. ಉದ್ದವಾಗಿದೆ, ಒಣಗಿದೆ. ಆದರೆ ಹೇಳಬೇಕಾದ್ದನ್ನು ಹೇಳುತ್ತದೆ: ವಿನಾಯಿತಿ ಸಂವಿಧಾನದ 14, 15, 19(1)(ಎ), 21ನೇ ವಿಧಿಗಳನ್ನು ಉಲ್ಲಂಘಿಸುತ್ತದೆ. ಹೊಸ ಅಪರಾಧದ ಆಕ್ಷೇಪಕ್ಕೆ, ಅಪರಾಧ ಮೊದಲೇ ಇದೆ, ಅದರ ಬಲೆಯಿಂದ ತಪ್ಪಿಸಿಕೊಂಡ ಒಂದು ವರ್ಗವನ್ನು ಒಳಗೆ ತರುವುದಷ್ಟೇ ಎಂದು ಉತ್ತರಿಸುತ್ತದೆ. 20(1)ನೇ ವಿಧಿಯ ಇಕ್ಕಟ್ಟಿಗೆ ಸಿಲುಕದಂತೆ ತನ್ನ ಘೋಷಣೆ ತೀರ್ಪಿನ ದಿನದಿಂದ ಮುಂದಕ್ಕೆ ಮಾತ್ರ ಅನ್ವಯವೆನ್ನುತ್ತದೆ. ಅಲ್ಲಿ ಎಣಿಕೆಗೆ ಬರುವುದು ಹೆಣ್ಣು ಬೇಡವೆಂದಳೇ ಎಂಬುದು, ಗಂಡ ಎಷ್ಟು ಭಯಂಕರ ಎಂಬುದಲ್ಲ. ಕನ್ನಡದಲ್ಲಿ ಬೆಂಗಳೂರಿನ ತೀರ್ಪಿಗೆ ಸಿಕ್ಕ ಜಾಗದ ಒಂದು ಪಾಲೂ ಇದಕ್ಕೆ ಸಿಕ್ಕಿಲ್ಲ. ಒಬ್ಬರು ಹೌದು ಒಬ್ಬರು ಅಲ್ಲ ಎಂದರು, ಹಾಗಾಗಿ ಏನೂ ಆಗಲಿಲ್ಲ ಎಂದು ನಾವು ಅದನ್ನು ಮಡಿಸಿಟ್ಟೆವು.

ಈ ನಡುವೆ ಹೆಂಡತಿಯ ಪಾಲಿಗಿದ್ದದ್ದೂ ಕರಗಿದೆ. 2013ರಲ್ಲಿ ಅತ್ಯಾಚಾರದ ವ್ಯಾಖ್ಯೆ ಹಿಗ್ಗಿದಂತೆ ಗಂಡನ ವಿನಾಯಿತಿಯೂ ಜೊತೆಜೊತೆಗೆ ಹಿಗ್ಗಿತು. ಅದನ್ನೇ ಹಿಡಿದು ಮಧ್ಯಪ್ರದೇಶ ಹೈಕೋರ್ಟ್ ಅಸ್ವಾಭಾವಿಕ ಲೈಂಗಿಕ ಕ್ರಿಯೆಯನ್ನು ಶಿಕ್ಷಿಸುವ 377ನೇ ಕಲಮೂ ಗಂಡನಿಗೆ ತಾಗದು ಎಂದಿತು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. ಉಳಿದದ್ದು ಗರಿಷ್ಠ ಮೂರು ವರ್ಷದ ಕ್ರೌರ್ಯದ ಕಲಮು ಮತ್ತು 2005ರ ಕೌಟುಂಬಿಕ ದೌರ್ಜನ್ಯ ಅಧಿನಿಯಮದ ಸಿವಿಲ್ ಪರಿಹಾರಗಳು. ಅತ್ಯಾಚಾರಕ್ಕಾದರೆ ಕನಿಷ್ಠವೇ ಹತ್ತು ವರ್ಷ.

ಆದ್ದರಿಂದ ನನ್ನ ತೀರ್ಮಾನ: 2022ರ ಬೆಂಗಳೂರಿನ ತೀರ್ಪು ಒಳ್ಳೆಯ ಭಾಷಣ, ದುರ್ಬಲ ತೀರ್ಪು. ಅದರ ಸಿಟ್ಟು ನ್ಯಾಯವಾದದ್ದು, ಅದರ ಅಳತೆಗೋಲು ತಪ್ಪಾದದ್ದು. ಕಾನೂನು ಕಾಲೇಜುಗಳು ಅದರ ಸಾಲನ್ನು ಗೋಡೆಗೆ ಬರೆಯುವುದನ್ನು ಬಿಟ್ಟು ಶಕ್ಧೇರ್ ಅವರ ಅಭಿಪ್ರಾಯವನ್ನು ತರಗತಿಯಲ್ಲಿ ಓದಿಸಲಿ. ಹರಿಶಂಕರ್ ಅವರದನ್ನೂ ಓದಿಸಿ, ಅದಕ್ಕೆ ಉತ್ತರ ಬರೆಯಿರಿ ಎಂದು ಪರೀಕ್ಷೆಗೆ ಕೊಡಲಿ. ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಕೈಗೆತ್ತಿಕೊಂಡು ಮುಂದೂಡಿದ ವಿಚಾರಣೆಯ ತೀರ್ಪು ಬಂದಾಗ ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ನೋಡುವುದು ಬೇಡ. ಗಾಯವಿಲ್ಲದ, ಕೂಗದ, ಬರೀ ಬೇಡವೆಂದ ಹೆಂಡತಿಗೆ ಅದರಲ್ಲಿ ಜಾಗವಿದೆಯೇ ಎಂದು ನೋಡೋಣ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಸಂಹಿತೆಯ ಹೆಸರು ಬದಲಾಯಿತು, 375 ಹೋಗಿ 63 ಆಯಿತು. ಎರಡನೆಯ ವಿನಾಯಿತಿ ಮಾತ್ರ, ಹೆಂಡತಿಗೆ ಹದಿನೆಂಟು ತುಂಬಿರಬೇಕೆಂಬ ಒಂದು ಬದಲಾವಣೆಯೊಡನೆ, ಅದೇ ಎರಡನೆಯ ವಿನಾಯಿತಿಯಾಗಿ ಹೊಸ ಸಂಹಿತೆಯೊಳಗೆ ಬಂದು ಕೂತಿತು.